ಕಾಂಕ್ರೀಟಿನಲ್ಲಿ ಕಂಡ ಜಂತೆಗಳು

ಪ್ರೀತಿಯ ಗೆಳೆಯಾ,

ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಅವರ ಕಟ್ಟಡಗಳ ಫೋಟೋ ನೋಡಿ ನೀನು ಕೇಳಿದ್ದೆಯಲ್ಲ, "ಎಲ್ಲಾ ಬರೀ ಕಾಂಕ್ರೀಟು, ಇದರಲ್ಲಿ ಜಪಾನ್ ಎಲ್ಲಿದೆ?" ಅಂತ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಹೋದ ವಾರ ತಕಮತ್ಸುಗೆ ಹೋಗಿ ಬಂದೆ. ಈಗ ಹೇಳುತ್ತೇನೆ ಕೇಳು.

ತಕಮತ್ಸು ಶಿಕೊಕು ದ್ವೀಪದ ಬಂದರು ಊರು. ಕಗಾವ ಪ್ರಾಂತ್ಯದ ಸರ್ಕಾರಿ ಕಚೇರಿ ಇರುವುದು ಅಲ್ಲೇ. ಟಾಂಗೆ ವಿನ್ಯಾಸ ಮಾಡಿದ, 1958ರಲ್ಲಿ ಮುಗಿದ ಎಂಟು ಅಂತಸ್ತಿನ ಕಟ್ಟಡ. ಪ್ರತಿ ಅಂತಸ್ತಿಗೂ ಸುತ್ತ ಬಾಲ್ಕನಿ. ಕೆಳಗೆ ನಿಂತು ಕತ್ತೆತ್ತಿದೆ ನೋಡು, ಬಾಲ್ಕನಿಯಡಿ ಸಾಲು ಸಾಲಾಗಿ ತೊಲೆಗಳ ತುದಿ! ಅಲ್ಲಿನ ಹಳೇ ಮರದ ದೇಗುಲಗಳ ಸೂರಿನಡಿ ಜಂತೆಗಳು ಹೊರಗೆ ಚಾಚಿರುತ್ತವಲ್ಲ, ಥೇಟ್ ಹಾಗೇ. ಅಂದಕ್ಕೆಂದು ಅಂಟಿಸಿದ್ದಲ್ಲ. ಒಳಗಿನ ಚಿಕ್ಕ ತೊಲೆಗಳೇ ಹೊರಬಂದು ಬಾಲ್ಕನಿಯನ್ನು ಹೊತ್ತಿವೆ. ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

1930ರ ದಶಕದಲ್ಲಿ ಜಪಾನಿನ ಹಲವು ದೊಡ್ಡ ಕಟ್ಟಡಗಳಿಗೆ ಕಾಂಕ್ರೀಟ್ ಮೈ ಮೇಲೆ ಹಳೇ ಕಾಲದ ಹೆಂಚಿನ ಮಾಡು ಕೂರಿಸುತ್ತಿದ್ದರು. ಟಾಂಗೆ ಇಲ್ಲಿ ಟೋಪಿ ತೊಡಿಸಲಿಲ್ಲ. ಬಡಗಿ ಮರ ಜೋಡಿಸುವ ಕ್ರಮವನ್ನೇ ತೆಗೆದುಕೊಂಡರು. ನನಗೆ ಇದೇ ನಿಜವಾದ ಗೌರವ ಅನಿಸುತ್ತದೆ.

ಇನ್ನೊಂದು ಮಾತು. ಈ ಕಚೇರಿಯ ನೆಲ ಅಂತಸ್ತು ಜನರಿಗೆ ತೆರೆದಿದೆ. ಕಂಬಗಳ ನಡುವೆ ಸುಮ್ನೆ ನಡೆದು ತೋಟಕ್ಕೆ ಹೋಗಬಹುದು. ಒಳಗಿನ ಗೋಡೆಯಲ್ಲಿ ಚಿತ್ರಕಲಾವಿದ ಗೆನಿಚಿರೊ ಇನೊಕುಮಾ ಅವರ ದೊಡ್ಡ ಸೆರಾಮಿಕ್ ಚಿತ್ರವಿದೆ. ಜಪಾನಿನ ಸಾಂಪ್ರದಾಯಿಕ ಚಹಾ ಕೂಟದ ನಾಲ್ಕು ಗುಣಗಳೇ ಅದರ ವಸ್ತು: ಹೊಂದಿಕೆ, ಗೌರವ, ಶುದ್ಧಿ, ನೆಮ್ಮದಿ. ಸರ್ಕಾರಿ ಕಚೇರಿಯಲ್ಲಿ! ಭೂಕಂಪಕ್ಕೆ ಹೆದರಿ ಇದನ್ನು ಕೆಡವಲಿಲ್ಲ, ಅಡಿಪಾಯವನ್ನು ಭದ್ರ ಮಾಡಿ ಉಳಿಸಿಕೊಂಡರು. 2019ರಲ್ಲಿ ಆ ಕೆಲಸ ಮುಗಿಯಿತು.

ಅಲ್ಲಿಂದ ಹಿರೋಶಿಮಾಗೆ ಹೋದೆ. ಟಾಂಗೆ ಹುಡುಗನಾಗಿ ಓದಿದ ಊರು ಅದು. ಯುರೋಪಿನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರ ನಕ್ಷೆಗಳನ್ನು ಪತ್ರಿಕೆಯಲ್ಲಿ ನೋಡಿ ಮನಸ್ಸು ಕಟ್ಟಡಗಳತ್ತ ತಿರುಗಿದ್ದೂ ಅಲ್ಲೇ. 1945ರ ಆಗಸ್ಟ್‌ನಲ್ಲಿ ಆ ಊರು ಸುಟ್ಟುಹೋಯಿತು. ಅದೇ ದಿನಗಳಲ್ಲಿ ಶಿಕೊಕುವಿನ ಇಮಾಬರಿ ಊರಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಟಾಂಗೆ ಅವರ ತಾಯಿಯೂ ತೀರಿಕೊಂಡರು. ಅಂಥವರು ಹಿರೋಶಿಮಾದಲ್ಲಿ ಶಾಂತಿ ಸ್ಮಾರಕ ಕಟ್ಟಿದರು, ಗೆಳೆಯಾ.

1955ರ ಆ ಮ್ಯೂಸಿಯಂ ಕಂಬಗಳ ಮೇಲೆ ಎದ್ದು ನಿಂತಿದೆ, ನಾರಾ ಊರಿನ ಶೋಸೋಇನ್ ಎಂಬ ಹಳೇ ಮರದ ಉಗ್ರಾಣದ ಹಾಗೆ. ಮುಂದಿರುವ ಕಮಾನಿನ ಆಕಾರ ಹಿಂದಿನ ಕಾಲದ ಸಮಾಧಿಗಳ ಮಣ್ಣಿನ ಪುಟ್ಟ ಮನೆಗಳದ್ದು. ಅದರೊಳಗಿಂದ ನೋಡಿದೆ. ನೇರ ಎದುರಿಗೆ, ನದಿಯಾಚೆ, ಬಾಂಬಿಗೆ ಸಿಕ್ಕ ಗುಮ್ಮಟದ ಅಸ್ಥಿಪಂಜರ.

ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ತಕಮತ್ಸುವಿನದ್ದು ಕಳಿಸುತ್ತಿದ್ದೇನೆ. ಬಾಲ್ಕನಿಯ ಅಡಿಭಾಗ ಹಿಗ್ಗಿಸಿ ನೋಡು.

ನಿನ್ನ ಗೆಳೆಯ