ಪಕ್ಕದೂರಿನ ಕಲ್ಲನ್ನೂ ಓದಿ

ಸಂಪಾದಕರೇ,

ಯುರೋಪಿನ ಹಳ್ಳಿಗಳ ಯುದ್ಧ ಸ್ಮಾರಕಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಒಂದು ಊರಿನದ್ದು ನೋಡಿದರೆ ಸಾಕು, ಉಳಿದದ್ದೆಲ್ಲ ಅದೇ ಥರ ಅಂತ ಲೇಖಕರು ಸಲೀಸಾಗಿ ಬರೆದುಬಿಟ್ಟಿದ್ದಾರೆ. ನೋಡೋಕೆ ಒಂದೇ ಥರ, ಒಪ್ಪಿದೆ. ಫ್ರಾನ್ಸಿನಲ್ಲಂತೂ ಮೊದಲ ಮಹಾಯುದ್ಧ ಮುಗಿದ ಮೇಲೆ ಎಷ್ಟೋ ಊರಿನವರು ಕ್ಯಾಟಲಾಗ್ ತಿರುವಿ, ಎರಕದ ಸೈನಿಕನನ್ನು ಆರಿಸಿ ತರಿಸಿಕೊಂಡರು, ಹಾಗಾಗಿ ಈ ಊರಲ್ಲಿ ನಿಂತವನೇ ಆ ಊರಲ್ಲೂ ನಿಂತಿರುತ್ತಾನೆ. ಆದರೆ ಅದೇ ದೇಶದ ಜಂತ್ಯೂ ಎಂಬ ಹಳ್ಳಿಯಲ್ಲಿ ಸೈನಿಕನೇ ಇಲ್ಲ. ಟೋಪಿ ಕೈಯಲ್ಲಿ ಹಿಡಿದ ಒಬ್ಬ ತಬ್ಬಲಿ ಹುಡುಗ ಮುಷ್ಟಿ ಎತ್ತಿ ನಿಂತಿದ್ದಾನೆ. ‘ಯುದ್ಧಕ್ಕೆ ಧಿಕ್ಕಾರ’ ಅಂತ ಕೆತ್ತಿದ್ದಾರೆ.

ಬೊಂಬೆ ಬಿಡಿ, ಕಲ್ಲಿನಲ್ಲಿ ಕೆತ್ತಿದ ಸತ್ತವರ ಹೆಸರು ಓದಬೇಕಲ್ವಾ? ಅದೂ ಅಕ್ಕಪಕ್ಕದ ಊರಿನದ್ದೆಲ್ಲ ಸೇರಿಸಿ. ಇಂಗ್ಲೆಂಡಿನ ಅಕ್ರಿಂಗ್ಟನ್ ಹೆಸರಲ್ಲಿ ಕಟ್ಟಿದ ಪಡೆಗೆ ಪಕ್ಕದ ಚೋರ್ಲಿ, ಬರ್ನ್ಲಿಯ ಹುಡುಗರೂ ಸೇರಿದ್ದರು. ಗೆಳೆಯರು ಒಟ್ಟಿಗೆ ಸೇರಿದರೆ ಒಟ್ಟಿಗೇ ಇರಬಹುದು ಅನ್ನೋ ಆಸೆಯನ್ನು ಸೈನ್ಯಕ್ಕೆ ಸೇರಿಸಿಕೊಂಡವರು ತೋರಿಸಿದ್ದರು. 1916ರ ಜುಲೈ 1ರ ಬೆಳಿಗ್ಗೆ ಫ್ರಾನ್ಸಿನ ಸೊಮ್ ಯುದ್ಧದಲ್ಲಿ ನುಗ್ಗಿದ ಸುಮಾರು 700 ಜನರಲ್ಲಿ 580ಕ್ಕೂ ಜಾಸ್ತಿ ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಒಂದೇ ಬೆಳಗಿನ ಸಾವು ಇಷ್ಟು ಊರುಗಳ ಕಲ್ಲಿನಲ್ಲಿ ಹಂಚಿಹೋಗಿದೆ. ಒಂದನ್ನೇ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಬ್ರಿಟನ್ ತನ್ನ ಸೈನಿಕರ ಶವಗಳನ್ನು ಊರಿಗೆ ತರಿಸಲಿಲ್ಲ. ತಾಯಂದಿರಿಗೆ ಈ ಕಲ್ಲೇ ಸಮಾಧಿ. ಊರವರೇ ಚಂದಾ ಎತ್ತಿ ನಿಲ್ಲಿಸಿದ್ದು. ಯಾರ ಹೆಸರು ಹಾಕಬೇಕು ಅನ್ನೋದನ್ನೂ ಊರಿನ ಸಮಿತಿಯೇ ತೀರ್ಮಾನ ಮಾಡುತ್ತಿತ್ತು. ಹಾಗಾಗಿ ಒಬ್ಬನ ಹೆಸರು ಹುಟ್ಟಿದೂರಿನಲ್ಲೂ ಇರುತ್ತದೆ, ಹೆಂಡತಿಯ ಊರಿನಲ್ಲೂ ಇರುತ್ತದೆ, ಕೆಲಸ ಮಾಡಿದ ಕಾರ್ಖಾನೆಯ ಗೋಡೆ ಮೇಲೂ ಇರುತ್ತದೆ. ಮನೆಯವರು ಊರು ಬಿಟ್ಟು ಹೋಗಿದ್ದರೆ ಎಲ್ಲೂ ಇಲ್ಲ.

ಇನ್ನು ಕಲ್ಲೇ ಇಲ್ಲದ ಊರು ಕಂಡರೆ, ಇಲ್ಲಿಂದ ಹೋದವರೆಲ್ಲ ವಾಪಸ್ ಬಂದಿರಬೇಕು ಅನ್ನಿಸುತ್ತದೆ. ಹಾಗೆ ಎಲ್ಲರೂ ಬದುಕಿ ಬಂದ ಊರುಗಳು ಇಂಗ್ಲೆಂಡ್, ವೇಲ್ಸ್‌ನಲ್ಲಿ ಸುಮಾರು 50 ಇವೆ. ಆದರೆ ಲಿಂಕನ್‌ಶೈರಿನ ಫುಲ್‌ಸ್ಟೋ ಹಳ್ಳಿಯ ಕಥೆ ಬೇರೆ. ಸತ್ತವರಲ್ಲಿ ಒಬ್ಬನನ್ನು ಪಡೆ ಬಿಟ್ಟು ಹೋದ ಅಂತ ಸೈನ್ಯವೇ ಗುಂಡಿಟ್ಟು ಕೊಂದಿತ್ತು. ಅಂಥವನ ಹೆಸರು ಹಾಕುವಂತಿಲ್ಲ ಅಂದಾಗ ಊರವರು ಯಾರ ಹೆಸರೂ ಬೇಡ ಅಂದುಬಿಟ್ಟರು. ಪಕ್ಕದ ಊರುಗಳು ಕಲ್ಲು ನಿಲ್ಲಿಸಿಕೊಂಡವು, ಇವರು ಸುಮ್ನೆ ಇದ್ದರು. ಕೊನೆಗೆ 2005ರಲ್ಲಿ ಅವನನ್ನೂ ಸೇರಿಸಿ ಫಲಕ ಹಾಕಿದರು. ಹಾಗೆ ಗುಂಡಿಗೆ ಬಲಿಯಾದ 306 ಜನರಿಗೆ ಸರ್ಕಾರ ಕ್ಷಮೆ ಕೊಟ್ಟಿದ್ದು ಅದರ ಮರುವರ್ಷ.

ಲೇಖನದ ಜೊತೆ ನಾಲ್ಕು ಫೋಟೋ ಹಾಕಿದ್ದೀರಿ. ನಾಲ್ಕರಲ್ಲೂ ಲೇಖಕರು ಹೆಸರಿನ ಪಟ್ಟಿಗೆ ಅಡ್ಡ ನಿಂತಿದ್ದಾರೆ. ಅವರ ಹತ್ತಿರ ಬೇರೆ ಫೋಟೋ ಇದ್ದರೆ ದಯವಿಟ್ಟು ಅದನ್ನು ಹಾಕಿ.

– ನಿಮ್ಮ ಓದುಗ