ಹಳದಿ ಬೋರ್ಡು ನೋಡಿಕೊಂಡು ಬಾ, ಅಮ್ಮ

ಲಂಡನ್

ಪ್ರೀತಿಯ ಅಮ್ಮನಿಗೆ,

ಇಂಗ್ಲಿಷ್ ಬರಲ್ಲ, ಒಬ್ಬಳೇ ಹೇಗೆ ಬರಲಿ ಅಂತ ಫೋನಿನಲ್ಲಿ ಅಂದೆಯಲ್ಲ, ಆವತ್ತಿನಿಂದ ನನಗೂ ಅದೇ ಯೋಚನೆ. ಅದಕ್ಕೇ ಈ ಪತ್ರ. ಕೈಚೀಲದಲ್ಲಿ ಇಟ್ಟುಕೊಂಡು ಬಾ.

ಹೀಥ್ರೂದಲ್ಲಿ ಇಳಿದ ಕೂಡಲೇ ತಲೆ ಎತ್ತಿ ನೋಡು. ಹಳದಿ ಬೋರ್ಡು, ಕಪ್ಪು ಅಕ್ಷರ. ಅದೇ ನಿನ್ನ ದಾರಿ. ನೇರಳೆ ಬೋರ್ಡು ಇಲ್ಲಿಂದ ಬೇರೆ ವಿಮಾನ ಹಿಡಿಯುವವರಿಗೆ, ಆ ಕಡೆ ಹೋಗಬೇಡ. ಪಾಸ್‌ಪೋರ್ಟ್ ನೋಡಿ ಬಿಟ್ಟ ಮೇಲೆ ಸೂಟ್‌ಕೇಸಿನ ಚಿತ್ರ ಹುಡುಕು. ಹಸಿರು ಬೋರ್ಡಿನಲ್ಲಿ ಬಾಗಿಲ ಕಡೆ ಓಡುವ ಮನುಷ್ಯ ಕಂಡರೆ ಅದು ಬೆಂಕಿ ಗಿಂಕಿ ಬಿದ್ದಾಗ ಹೊರಗೆ ಹೋಗುವ ದಾರಿ. ಜಪಾನಿನಲ್ಲಿ ಹುಟ್ಟಿದ ಚಿತ್ರ ಅದು, ಈಗ ಎಷ್ಟೋ ದೇಶಗಳಲ್ಲಿದೆ. ಆ ಬಾಗಿಲನ್ನು ಸುಮ್ನೆ ತೆರೆಯಬೇಡ.

ನಾನು ಬಂದ ಹೊಸತರಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಲ್ಲೇ ದೊಡ್ಡ ಬಾಣದ ಗುರುತು. ಎರಡು ತಿರುವು ದಾಟಿದರೆ ಏನೂ ಇಲ್ಲ! ಇಂಗ್ಲಿಷ್ ಓದಲು ಬರುವ ನಾನೇ ಅರ್ಧ ಗಂಟೆ ಸುತ್ತಿದೆ. ದಾರಿ ಗೊತ್ತಿರುವವರೇ ಕೂತು ಹಾಕಿಸಿದ ಬೋರ್ಡು ಅದು. ಗೊತ್ತಿಲ್ಲದವರು ಎಲ್ಲಿ ನಿಂತು ತಬ್ಬಿಬ್ಬಾಗುತ್ತಾರೆ ಅಂತ ಯಾರೂ ನಡೆದು ನೋಡಿಲ್ಲ. ನನಗೆ ಇವತ್ತಿಗೂ ಅದು ಬೇಜಾರು.

ನಮ್ಮ ಬೀದಿಯ ತುದಿಯಲ್ಲಿ ಶಾಲೆ ಇದೆ. ಅಲ್ಲಿಯ ಕೆಂಪು ತ್ರಿಕೋನದ ಬೋರ್ಡು ನಿನಗೆ ತೋರಿಸಲೇಬೇಕು. ಹುಡುಗಿಯೊಬ್ಬಳು ಚಿಕ್ಕ ಹುಡುಗನ ಕೈ ಹಿಡಿದು ಮುಂದೆ ಹೆಜ್ಜೆ ಹಾಕುತ್ತಿದ್ದಾಳೆ. ಹಳೆಯ ಬೋರ್ಡಿನಲ್ಲಿ ಟೋಪಿ ಹಾಕಿದ ಹುಡುಗ ಮುಂದೆ, ಹುಡುಗಿ ಹಿಂದೆ. ಅದನ್ನು ಬದಲಾಯಿಸಿದವರು ಮಾರ್ಗರೆಟ್ ಕ್ಯಾಲ್ವರ್ಟ್. ಆ ಹುಡುಗಿ ಬೇರೆ ಯಾರೂ ಅಲ್ಲ, ಚಿಕ್ಕಂದಿನ ಮಾರ್ಗರೆಟ್ ಅವರೇ. ಅವರೂ ಜಾಕ್ ಕಿನೀರ್ ಅವರೂ ಸೇರಿ ಮಾಡಿದ ಬೋರ್ಡುಗಳು 1965ರಿಂದ ಈ ದೇಶದ ರಸ್ತೆಗಳಲ್ಲಿವೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಎರಡು ಬಗೆ. ಮೊದಲೆಲ್ಲ ಊರ ಹೆಸರು ಪೂರ್ತಿ ದೊಡ್ಡಕ್ಷರದಲ್ಲೇ ಇರುತ್ತಿತ್ತು. ಇವರು ಮೊದಲನೆಯದನ್ನು ಮಾತ್ರ ದೊಡ್ಡದು ಮಾಡಿ, ಉಳಿದದ್ದನ್ನು ಸಣ್ಣಕ್ಷರದಲ್ಲಿ ಬರೆದರು. ಆಗ ಪ್ರತಿ ಹೆಸರಿಗೂ ಅದರದ್ದೇ ಒಂದು ಆಕಾರ ಬರುತ್ತದೆ. ಜೋರಾಗಿ ಹೋಗುವ ಡ್ರೈವರ್ ಒಂದೊಂದೇ ಅಕ್ಷರ ಕೂಡಿಸಿ ಓದಬೇಕಾಗಿಲ್ಲ. ಗುರುತಿನವರು ದೂರದಿಂದ ಬರುವಾಗ ಮುಖ ಕಾಣುವ ಮೊದಲೇ ನಡಿಗೆಯಲ್ಲೇ ಗೊತ್ತಾಗುತ್ತದೆ ಅಲ್ವಾ, ಹಾಗೆ.

ಸೂಟ್‌ಕೇಸ್ ಸಿಕ್ಕ ಮೇಲೆ ಅವಸರ ಮಾಡಬೇಡ. ಎಲ್ಲರೂ ಹೋಗುವ ಬಾಗಿಲಿಂದ ನಿಧಾನವಾಗಿ ಬಾ. ಕಂಬಿಯ ಆಚೆ ನಾನು ನಿಂತಿರುತ್ತೇನೆ, ‘ಅಮ್ಮ’ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದ ರಟ್ಟು ಹಿಡಿದುಕೊಂಡು.

ಇಂತಿ ನಿನ್ನ ಮಗಳು