ರಸ್ತೇಲಿ ಹಾಡೋರಿಗೆ ದೊಡ್ಡ ಸ್ಪೀಕರ್ ಬೇಡ, ಒಳ್ಳೆ ಬ್ಯಾಟರಿ ಕೊಡ್ಸಿ

ಸಂಪಾದಕರಿಗೆ ನಮಸ್ಕಾರ,

ತುಮಕೂರು ಬಸ್‌ಸ್ಟ್ಯಾಂಡ್ ಹತ್ರ, ಗುಬ್ಬಿ ಜಾತ್ರೇಲಿ, ತಿಪಟೂರು ಸಂತೇಲಿ ಕಣ್ಣು ಕಾಣದ ಕಲಾವಿದರು ಒಂದು ಕೀಬೋರ್ಡು, ಎರಡು ಮೈಕು, ಒಂದು ಸ್ಪೀಕರ್ ಇಟ್ಕೊಂಡು ಹಾಡೋದನ್ನ ಎಲ್ರೂ ನೋಡಿರ್ತೀರ. ನಾನು ಆಂಪ್ಲಿಫೈಯರ್ ರಿಪೇರಿ ಮಾಡೋನು, ಇಂಥ ತಂಡಗಳ ಸೆಟ್ಟು ನನ್ನ ಟೇಬಲ್‌ಗೆ ಬರ್ತಾನೇ ಇರುತ್ತೆ, ಬಿಚ್ಚಿ ನೋಡಿದ್ರೆ ಆಂಪ್ಲಿಫೈಯರ್ ಸರಿಯಾಗೇ ಇರುತ್ತೆ, ಸತ್ತಿರೋದು ಬ್ಯಾಟರಿ. ಆದ್ರೆ ಇವರಿಗೆ ಸಹಾಯ ಮಾಡೋ ಸಂಘಗಳು, ದಾನಿಗಳು ಪ್ರತಿ ಸಲ ಕೊಡ್ಸೋದು ಇನ್ನೊಂದು ದೊಡ್ಡ ಟ್ರಾಲಿ ಸ್ಪೀಕರ್. ಅದಕ್ಕೇ ಈ ಪತ್ರ.

ಆ ಟ್ರಾಲಿ ಸ್ಪೀಕರ್ ಪೆಟ್ಟಿಗೆ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಓ ಅಂತ ಬರ್ದಿರ್ತಾರೆ, ಅದು ಕ್ಷಣಮಾತ್ರದ ಉಬ್ಬಿಸಿದ ಲೆಕ್ಕ, ಆ ನಂಬರ್‌ನ ನಂಬಬೇಡಿ, ಆರ್‌ಎಂಎಸ್ ವ್ಯಾಟ್, ಅಂದ್ರೆ ಬಿಡದೆ ಕೊಡೋ ಶಕ್ತಿ, ಎಷ್ಟು ಅಂತ ಕೇಳಿ. ಬಹಳಷ್ಟರ ಒಳಗೆ ಇರೋದು 12 ವೋಲ್ಟಿನ ಚಿಕ್ಕ ಲೆಡ್ ಆಸಿಡ್ ಬ್ಯಾಟರಿ, ಯುಪಿಎಸ್‌ಗೆ ಹಾಕ್ತಾರಲ್ಲ ಅದೇ. 7 ಆಂಪಿಯರ್ ಅವರ್‌ದು ಅಂದ್ರೂ 12ರಿಂದ ಗುಣಿಸಿದ್ರೆ 84 ವ್ಯಾಟ್ ಅವರ್, ಅಂದ್ರೆ 84 ವ್ಯಾಟ್ ಎಳೆಯೋದನ್ನ ಒಂದು ಗಂಟೆ ಓಡಿಸೋಷ್ಟು ಆಯ್ತು, ಅದರಲ್ಲೂ ಬ್ಯಾಟರಿ ಬಾಳಿಕೆ ಬರಬೇಕು ಅಂದ್ರೆ ಅರ್ಧ ಮಾತ್ರ ಬಳಸಬೇಕು. ಚಿಕ್ಕ ಆಂಪ್ಲಿಫೈಯರ್, ಮೈಕು ಕೀಬೋರ್ಡಿನ ದನಿ ಸೇರಿಸೋ ಮಿಕ್ಸರ್, ಕೀಬೋರ್ಡ್ ಎಲ್ಲ ಸೇರಿ ಹಾಡುವಾಗ ಸರಾಸರಿ 40 ವ್ಯಾಟ್ ಎಳೀತು ಅಂತ ಇಟ್ಕೊಳ್ಳಿ, ಒಂದು ಗಂಟೆಗೆ ಮುಗೀತು. ಸಂತೆ ಇನ್ನೂ ತುಂಬಿರಲ್ಲ. ದಿನಾ ಪೂರ್ತಿ ಖಾಲಿ ಮಾಡ್ತಾ ಹೋದ್ರೆ ಆ ಬ್ಯಾಟರಿ ಒಂದು ವರ್ಷ ಕಳೆಯೋದೂ ಕಷ್ಟ.

ಅದರ ಬದಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಳ್ಳಿ. 12.8 ವೋಲ್ಟ್ 20 ಆಂಪಿಯರ್ ಅವರ್ ಅಂದ್ರೆ 256 ವ್ಯಾಟ್ ಅವರ್, ತೂಕ ಮೂರು ಕೆಜಿ ಆಸುಪಾಸು, ಅದೇ 40 ವ್ಯಾಟ್‌ಗೆ ನಾಲ್ಕು ಗಂಟೆ ಹಾಡಿದ್ರೂ ಇನ್ನೂ ಉಳಿದಿರುತ್ತೆ. ಬೆಲೆ ಜಾಸ್ತಿನೇ, ನಿಜ. ಆದ್ರೆ ಲೆಡ್ ಆಸಿಡ್ ಕೆಲವು ನೂರು ಸಲ ಚಾರ್ಜ್ ಆಗಿ ಸುಸ್ತಾಗೋ ಕಡೆ ಇದು 2000 ಸಲದ ಹತ್ರ ಬರುತ್ತೆ, ಬೇರೆ ಲಿಥಿಯಂಗಿಂತ ಬೆಂಕಿ ಹತ್ತೋ ಭಯನೂ ಕಮ್ಮಿ. ಅಗ್ಗಕ್ಕೆ ಸಿಗುತ್ತೆ ಅಂತ ಹಳೇ ಸೆಲ್ ಸೇರಿಸಿ ಟೇಪ್ ಸುತ್ತಿರೋ ಪ್ಯಾಕ್ ಮಾತ್ರ ದಯವಿಟ್ಟು ಕೊಡಬೇಡಿ, ಒಳಗೆ ಬಿಎಂಎಸ್ (ಬ್ಯಾಟರಿನ ಕಾಯೋ ಸರ್ಕ್ಯೂಟ್) ಇದೆಯಾ, ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಇದೆಯಾ ನೋಡಿ ತಗೊಳ್ಳಿ. ಚಾರ್ಜರ್ ಕೂಡ ಅದಕ್ಕೇ ಅಂತ ಮಾಡಿರೋ 14.6 ವೋಲ್ಟಿಂದು ಜೊತೆಗೇ ಕೊಡ್ಸಿ, ಹಳೇ ಕಾರ್ ಬ್ಯಾಟರಿ ಚಾರ್ಜರ್ ಹಾಕೋದು ಬೇಡ.

ಇನ್ನೊಂದು ನನಗೆ ಬಹಳ ಹೊಟ್ಟೆ ಉರಿಸೋ ವಿಷಯ ಇನ್ವರ್ಟರ್. 12 ವೋಲ್ಟನ್ನ ಇನ್ವರ್ಟರಲ್ಲಿ 230 ಮಾಡಿ, ಅದಕ್ಕೆ ಅಡಾಪ್ಟರ್ ಸಿಕ್ಕಿಸಿ ಮತ್ತೆ 12 ಮಾಡಿ ಮಿಕ್ಸರ್‌ಗೆ ಕೊಡ್ತಾರೆ, ಎರಡು ಕಡೆನೂ ಕರೆಂಟು ಸುಮ್ನೆ ಬಿಸಿಯಾಗಿ ಹೋಗುತ್ತೆ, ಅಗ್ಗದ ಇನ್ವರ್ಟರ್ ಆದ್ರೆ ಹಾಡಿನ ಹಿಂದೆ ಗುಯ್ ಅನ್ನೋ ಶಬ್ದ ಬೇರೆ. ನೇರ 12 ವೋಲ್ಟ್ ಡಿಸಿ ತಗೊಳ್ಳೋ ಆಂಪ್ಲಿಫೈಯರ್‌ಗಳಿವೆ, ಅಹುಜಾದವರ ಎಷ್ಟೋ ಮಾಡೆಲ್ ಕಾರ್ ಬ್ಯಾಟರಿಲೇ ಓಡ್ತವೆ, ಅಂಥದ್ದು ತಗೊಂಡ್ರೆ ಇನ್ವರ್ಟರೇ ಬೇಡ. ಕೀಬೋರ್ಡಿಗೆ ಮಾತ್ರ 12 ನೇರ ಕೊಡಬೇಡಿ, ಕ್ಯಾಸಿಯೋ ತರದ್ದು ಎಷ್ಟೋ 9 ಅಥವಾ 9.5 ವೋಲ್ಟಿಂದು, ಪಿನ್ನಿನ ಪ್ಲಸ್ ಮೈನಸ್ಸೂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ನಡುವೆ ವೋಲ್ಟ್ ಇಳಿಸೋ ಒಂದು ಚಿಕ್ಕ ಕನ್ವರ್ಟರ್ ಬೇಕು.

ಸೌಂಡ್ ಸಾಕಾಗಲ್ಲ ಅಂತ ವ್ಯಾಟ್ ಏರಿಸೋರಿಗೂ ಒಂದು ಮಾತು. ವ್ಯಾಟ್ ಡಬಲ್ ಮಾಡಿದ್ರೆ ಏರೋದು ಬರೀ 3 ಡೆಸಿಬಲ್, ಕಿವಿಗೆ ಸ್ವಲ್ಪ ಜಾಸ್ತಿ ಅನ್ಸುತ್ತೆ ಅಷ್ಟೆ, ಬ್ಯಾಟರಿ ಮಾತ್ರ ಎರಡು ಪಟ್ಟು ಬೇಗ ಖಾಲಿ. ಸ್ಪೀಕರ್ ತಗೊಳ್ಳುವಾಗ ಸೆನ್ಸಿಟಿವಿಟಿ, ಅಂದ್ರೆ ಒಂದು ವ್ಯಾಟ್‌ಗೆ ಎಷ್ಟು ಸೌಂಡ್ ಕೊಡುತ್ತೆ ಅನ್ನೋದು, 96 ಡೆಸಿಬಲ್ ಇರೋದು ಸಿಕ್ಕಿದ್ರೆ, 90 ಇರೋದಕ್ಕೆ ಬೇಕಾದ ವ್ಯಾಟ್‌ನಲ್ಲಿ ಕಾಲು ಭಾಗದಲ್ಲೇ ಅಷ್ಟೇ ಕೇಳಿಸುತ್ತೆ. ಅದನ್ನ ಎದೆ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಇಡಿ, ನೆಲದ ಮೇಲಿಟ್ರೆ ಮುಂದೆ ನಿಂತೋರ ಕಾಲೇ ಹಾಡು ಕೇಳೋದು.

ಕಣ್ಣು ಕಾಣದವರಿಗೆ ಕೊಡುವಾಗ ಯಾರೂ ಯೋಚಿಸದ ಎರಡು ವಿಷಯ ಇವೆ. ಲೆಡ್ ಆಸಿಡ್ ಆದ್ರೆ ಖಾಲಿ ಆಗ್ತಾ ಆಗ್ತಾ ದನಿ ಕೆಡುತ್ತೆ, ಅದರಲ್ಲೇ ಅವರಿಗೆ ಗೊತ್ತಾಗುತ್ತೆ. ಈ ಲಿಥಿಯಂ ಕೊನೇವರೆಗೂ ಒಂದೇ ಸಮ ಇದ್ದು ಬಿಎಂಎಸ್ ಪಟ್ ಅಂತ ಕಟ್ ಮಾಡುತ್ತೆ, ಪಲ್ಲವಿ ಅರ್ಧದಲ್ಲೇ ಮೈಕ್ ಸತ್ತುಹೋಗುತ್ತೆ. ಲೈಟ್ ತೋರಿಸೋ ಇಂಡಿಕೇಟರ್ ಅವರಿಗೆ ಏನು ಪ್ರಯೋಜನ, ವೋಲ್ಟೇಜ್ ಇಳಿದಾಗ ಬೀಪ್ ಅನ್ನೋ ಚಿಕ್ಕ ಬಜರ್ ಹಾಕ್ಸಿ. ಆಮೇಲೆ ಕ್ಲಿಪ್ ವೈರ್ ಕೊಡಬೇಡಿ, ಕೈ ತಪ್ಪಿ ಪ್ಲಸ್ ಮೈನಸ್ ಅದಲುಬದಲಾದ್ರೆ ಆಂಪ್ಲಿಫೈಯರ್ ಸುಟ್ಟೇ ಹೋಗುತ್ತೆ. ಎಕ್ಸ್‌ಟಿ60 ಅಂತ ಪ್ಲಗ್ ಸಿಗುತ್ತೆ, ಒಂದೇ ಕಡೆಗೆ ಕೂರುತ್ತೆ, ಬೆರಳಲ್ಲಿ ಮುಟ್ಟಿದ್ರೇ ತಿಳಿಯುತ್ತೆ, ಬ್ಯಾಟರಿ ಪ್ಲಸ್ ಹತ್ರ ಒಂದು ಫ್ಯೂಸೂ ಇರ್ಲಿ. ಗೊತ್ತಿರೋ ಯಾವ ಎಲೆಕ್ಟ್ರಾನಿಕ್ಸ್ ರಿಪೇರಿಯವರಾದ್ರೂ ಅರ್ಧ ಗಂಟೆಲಿ ಮಾಡ್ಕೊಡ್ತಾರೆ, ಅದನ್ನ ಮಾಡ್ಸಿ ಆಮೇಲೆ ಅವರ ಕೈಗೆ ಕೊಡಿ.

— ಆಂಪ್ಲಿಫೈಯರ್ ರಿಪೇರಿಯವನು, ಶಿರಾ ಗೇಟ್, ತುಮಕೂರು